ಯುಗಾದಿಗೆ ಮೊದಲು ಕೆಂಪು ಧೂಳು ಇಳಿಸುವ ಕೆಲಸ

ಹೋಳಿ ಹುಣ್ಣಿಮೆ ಮುಗಿಯಿತು ಅಂದರೆ ಯುಗಾದಿಗೆ 15 ದಿನ. ನಮ್ಮ ಮನೆಯಲ್ಲಿ ಅಟ್ಟಕ್ಕೆ ಏಣಿ ಹಚ್ಚುವುದು ಆಗಲೇ.

ನಾನು ಮದುವೆಯಾಗಿ ಸಂಡೂರಿಗೆ ಬಂದು 22 ವರ್ಷ ಆಯಿತು. ತವರು ಸಿಂಧನೂರು ಕಡೆ. ಅಲ್ಲಿಯದು ಎರೆ ಮಣ್ಣು, ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಹೊಸ್ತಿಲಲ್ಲಿ ತೊಳೆದುಕೊಂಡರೆ ಮುಗಿಯಿತು. ಇಲ್ಲಿ ಹಾಗಲ್ಲ. ಸುತ್ತಲಿನ ಗಣಿಗಳ ಕಬ್ಬಿಣದ ಅದಿರಿನ ಧೂಳು ಜೋಳದ ಹಿಟ್ಟಿಗಿಂತ ನುಣ್ಣಗಿರುತ್ತದೆ. ಬಾಗಿಲು ಹಾಕಿದ್ದರೂ ದೇವರ ಫೋಟೋದ ಕಟ್ಟಿನ ಮೇಲೆ ಕೂತಿರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮೇಲೆ ಒಂದೆರಡು ಯುಗಾದಿಗೆ ಒರೆಸಿದ ಬಟ್ಟೆ ಬರೀ ಬೂದು ಬಣ್ಣಕ್ಕೆ ಬರುತ್ತಿತ್ತು. ಆಮೇಲೆ ಲಾರಿ ಮತ್ತೆ ಓಡಾಡಿದವು, ಬಟ್ಟೆಯೂ ಮತ್ತೆ ಕೆಂಪಾಯಿತು.

ಮೊದಲ ವರ್ಷ ನಾನು ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿಕೊಂಡು ನೇರವಾಗಿ ಗೋಡೆಗೆ ಕೈ ಹಾಕಿದೆ. ಧೂಳೆಲ್ಲ ಕೆಸರಾಗಿ ಸುಣ್ಣದೊಳಗೆ ಇಳಿಯಿತು. ಕಿಟಕಿ ಕೆಳಗೆ ಉದ್ದುದ್ದ ಕೆಂಪು ಗೆರೆ. ಎಷ್ಟು ತಿಕ್ಕಿದರೂ ಹೋಗಲಿಲ್ಲ, ಮುಂದಿನ ಸಲ ಸುಣ್ಣ ಬಳಿಯುವವರೆಗೂ ಹಾಗೇ ಇತ್ತು. ನಮ್ಮತ್ತೆ ಬೈಯಲಿಲ್ಲ. "ಮೊದ್ಲು ಒಣಾದು ಜಾಡಸಬೇಕವ್ವ, ನೀರು ಆಮ್ಯಾಲೆ" ಅಂದರು ಅಷ್ಟೇ. ಇವತ್ತಿಗೂ ನನ್ನ ಕೆಲಸ ನಡೆಯುವುದು ಆ ಮಾತಿನ ಮೇಲೆಯೇ.

ಉದ್ದ ಕೋಲಿಗೆ ಪೊರಕೆ ಕಟ್ಟಿ ಮೊದಲು ಮೇಲಿನ ಮೂಲೆ, ಜೇಡರ ಬಲೆ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಕವರ್ ತೊಡಿಸಿ ಎಳೆದರೆ ಧೂಳೆಲ್ಲ ಕವರಿನೊಳಗೇ ಬೀಳುತ್ತದೆ, ಹಾಸಿಗೆ ಮೇಲೆ ಉದುರುವುದಿಲ್ಲ. ಕಿಟಕಿಯ ಸೊಳ್ಳೆ ಜಾಲರಿಗೆ ಪೇಂಟ್ ಬ್ರಷ್. ಒಳಗಿನಿಂದ ಹೊರಗೆ ಹೊಡೆಯಬೇಕು. ಧೂಳು ಕೆಳಗೆ ಕೂರಲು ಒಂದು ಗಂಟೆ ಬಿಟ್ಟು, ಗುಡಿಸಿ, ಆಮೇಲೆ ಒದ್ದೆ ಬಟ್ಟೆ. ಆ ಒಂದು ಗಂಟೆ ಸುಮ್ನೆ ಕೂರುವುದು ಕಷ್ಟ, ಆದರೆ ಕೂರಲೇಬೇಕು.

ಉಳಿದ ಕೆಲಸವನ್ನು ನಮ್ಮ ಬಿಸಿಲೇ ಮಾಡಿಕೊಡುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ. ನನಗೆ ಮಾತ್ರ ಮಾರ್ಚ್ ತಿಂಗಳ ಬಿಸಿಲು ಅಂದರೆ ಕೈಗೆ ಒಂದು ಆಳು ಜಾಸ್ತಿ ಸಿಕ್ಕ ಹಾಗೆ. ತೊಗರಿ, ಕಡಲೆ, ಹೆಸರು ಎಲ್ಲ ಡಬ್ಬಿ ಮಾಳಿಗೆಗೆ ಹೋಗುತ್ತವೆ. ಹಳೆಯ ಪಂಚೆ ಮೇಲೆ ತೆಳ್ಳಗೆ ಹರವುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಪಂಚೆಯ ಅಂಚಿನ ಕಡೆ ನುಸಿ ಸಾಲು ಹಿಡಿದು ಹೊರಡುವುದು ಕಣ್ಣಿಗೇ ಕಾಣುತ್ತದೆ. ಸಂಜೆ ಇಳಿಸಿದ ತಕ್ಷಣ ತುಂಬಬಾರದು. ಕಾಳು ಬಿಸಿ ಇದ್ದಾಗ ಮುಚ್ಚಳ ಹಾಕಿದರೆ ಒಳಗೆ ಬೆವರಿ ಬೂಸ್ಟು ಬರುತ್ತದೆ. ರಾತ್ರಿಯೆಲ್ಲ ಆರಬೇಕು. ಬೆಳಿಗ್ಗೆ ಒಣಗಿದ ಬೇವಿನ ಎಲೆ ಹಾಕಿ ತುಂಬುವುದು.

ಅಕ್ಕಿಯನ್ನು ಮಾತ್ರ ಬಿಸಿಲಿಗೆ ಹಾಕಬೇಡಿ. ಕಾಳು ಸೀಳಿ, ಅನ್ನ ನುಚ್ಚಾಗುತ್ತದೆ. ನೆರಳಲ್ಲಿ ಹರವಿ, ಜರಡಿ ಆಡಿ, ಅಷ್ಟು ಸಾಕು. ರೇಷ್ಮೆ ಸೀರೆಗೂ ನೆರಳೇ. ನನ್ನ ಮದುವೆಯ ಮೊಳಕಾಲ್ಮೂರು ಸೀರೆಯನ್ನು ವರ್ಷಕ್ಕೊಮ್ಮೆ ನಡುಮನೆಯಲ್ಲಿ ಹಗ್ಗಕ್ಕೆ ಹಾಕಿ, ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಚುತ್ತೇನೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಜರಿ ಅಲ್ಲೇ ಮುರಿಯುತ್ತದೆ.

ಈ ಸಲ ಟ್ರಂಕು ತೆಗೆದಾಗ ಮಾವನವರ ಬಿಳಿ ಧೋತರಕ್ಕೆ ತುಕ್ಕಿನ ಕಲೆ ಹತ್ತಿತ್ತು, ನಾಲ್ಕಾಣೆಯಷ್ಟಗಲ. ಹಿಂದೊಮ್ಮೆ ಇಂಥದ್ದಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಕಲೆ ಇನ್ನೂ ಗಟ್ಟಿಯಾಗಿತ್ತು. ತುಕ್ಕಿಗೆ ಬೇಕಾದದ್ದು ಹುಳಿ. ಕಲೆ ಮೇಲೆ ಉಪ್ಪು ಉದುರಿಸಿ, ನಿಂಬೆಹಣ್ಣು ಹಿಂಡಿ, ಬಿಸಿಲಿಗೆ ಇಟ್ಟೆ. ಒಣಗಿದ ಹಾಗೆ ಮತ್ತೆ ಹಿಂಡಿದೆ. ಮೂರನೇ ಸಲಕ್ಕೆ ಕಿತ್ತಳೆ ಬಣ್ಣ ತಿಳಿಯಾಗಿ, ತೊಳೆದಾಗ ಬರೀ ನೆರಳಿನಷ್ಟು ಉಳಿದಿತ್ತು. ಒಂದು ಎಚ್ಚರ: ಆ ರಸ ಕಡಪ ಕಲ್ಲಿನ ಮೇಲೆ ಬೀಳಬಾರದು. ಕಡಪ ಅಂದರೆ ಸುಣ್ಣದ ಕಲ್ಲು, ಹುಳಿ ತಾಗಿದ ಕಡೆ ಹೊಳಪು ಹೋಗಿ ಬೆಳ್ಳಗಾಗುತ್ತದೆ. ನಮ್ಮ ಬಚ್ಚಲ ಬಾಗಿಲಲ್ಲಿ ಆಸಿಡ್ ಚೆಲ್ಲಿ ಆದ ಬಿಳಿ ಮಚ್ಚೆ ಹಾಗೇ ಇದೆ.

ಎತ್ತಿಡುವ ವಿಷಯಕ್ಕೆ ಬಂದರೆ, ಹೊಸ ಡಬ್ಬಿ, ಬುಟ್ಟಿ ನಾನು ಕೊಳ್ಳುವುದಿಲ್ಲ. ಅಟ್ಟದಿಂದ ಇಳಿದ ಸಾಮಾನು ಹೋದ ಯುಗಾದಿಯಿಂದ ಒಮ್ಮೆಯೂ ಕೈಗೆ ಬಂದಿಲ್ಲ ಅಂದರೆ ಮೇಲೆ ಹತ್ತುವುದಿಲ್ಲ. ಮಾತು ಬರುವುದು ಇಲ್ಲೇ. ಯಜಮಾನರು ಕೆಟ್ಟ ಮೋಟರಿನ ತಾಮ್ರದ ತಂತಿಯನ್ನು ಈ ವರ್ಷವೂ ಬಿಟ್ಟುಕೊಡಲಿಲ್ಲ, ಇರಲಿ. ಪಹಣಿ, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಇವೆಲ್ಲ ಒಂದೇ ಚೀಲದಲ್ಲಿ, ಅದು ಅಲಮಾರದ ಮೇಲಿನ ಖಾನೆಯಲ್ಲಿ. ಇದೊಂದು ಮಾಡಿದ ಮೇಲೆ ಮನೆಯಲ್ಲಿ ಹುಡುಕಾಟ ನಿಂತಿದೆ.

ಕೊನೆಗೆ ಕೌದಿ, ಅಂದರೆ ಹಳೆಯ ಬಟ್ಟೆ ಸೇರಿಸಿ ಹೊಲಿದ ಹೊದಿಕೆ, ಒಗೆಯುವುದು. ಅತ್ತೆಯವರ ಕಾಲದಲ್ಲಿ ಬಂಡಿ ಕಟ್ಟಿಕೊಂಡು ನಾರಿಹಳ್ಳಕ್ಕೆ ಹೋಗುತ್ತಿದ್ದರಂತೆ. ನಾನು ಮಾಳಿಗೆ ಮೇಲೆ ಟಬ್ಬಿನಲ್ಲಿ ನೆನೆಹಾಕಿ ತುಳಿಯುತ್ತೇನೆ. ಮೊದಲ ನೀರು ರಾಗಿ ಅಂಬಲಿಯಷ್ಟು ಮಂದ, ಕೆಂಪಗೆ. ನಾಲ್ಕನೇ ನೀರಿಗೆ ತಿಳಿ. ನೀರು ತುಂಬಿದ ಕೌದಿಯನ್ನು ಒಬ್ಬರೇ ಎತ್ತಲು ಆಗುವುದಿಲ್ಲ, ಮಗಳು ಆ ತುದಿ ಹಿಡಿದಳು, ನಾನು ಈ ತುದಿ.

ಒಂದು ಕೌದಿ ನಡುವೆ ಪೂರಾ ಹರಿದಿದೆ. ಅತ್ತೆ ಉಡುತ್ತಿದ್ದ ಮೂರು ಹತ್ತಿ ಸೀರೆ ಬೇರೆ ಗಂಟು ಕಟ್ಟಿ ಇಟ್ಟಿದ್ದೇನೆ. ಹಬ್ಬ ಆದ ಮೇಲೆ ಕೌದಿ ಹೊಲಿಯುವಾಕೆ ಬರುತ್ತೇನೆ ಅಂದಿದ್ದಾಳೆ.