ಮರಗೆಲಸದ ಶೆಡ್ಡಿಗೆ ಬಲ್ಬ್ ತರುವ ಮುಂಚೆ

ಸಕಲೇಶಪುರದ ನಮ್ಮ ಮನೆ ಹಿಂದೆ, ಮೊದಲು ಕಾಫಿ ಮೂಟೆ ಇಡುತ್ತಿದ್ದ ಒಂದು ಹೆಂಚಿನ ಶೆಡ್ ಇದೆ. ಈಗ ಅದು ನನ್ನ ಮರಗೆಲಸದ ಜಾಗ. ಹೋದ ಮಳೆಗಾಲದಲ್ಲಿ ಅಜ್ಜನ ಕಾಲದ ಬೀಟೆ ಕುರ್ಚಿಗೆ ಸಿಲ್ವರ್ ಓಕಿನ ಹೊಸ ಕಾಲು ಹಾಕಿ, ಉಳಿದ ಮೂರು ಕಾಲಿಗೆ ಹೊಂದುವ ಹಾಗೆ ಎರಡು ಸಂಜೆ ಕೂತು ಬಣ್ಣ ಹಚ್ಚಿದೆ. ಬಲ್ಬಿನ ಕೆಳಗೆ ಹೊಸದು ಯಾವುದು, ಹಳೇದು ಯಾವುದು ಅಂತ ಗೊತ್ತೇ ಆಗುತ್ತಿರಲಿಲ್ಲ. ಬೆಳಿಗ್ಗೆ ಅಂಗಳಕ್ಕೆ ತಂದಿಟ್ಟರೆ ಮೂರು ಕಾಲು ಕಂದು, ಒಂದು ಕಾಲು ಇಟ್ಟಿಗೆ ಕೆಂಪು! ಅಮ್ಮ ನೋಡಿ, "ಕುರ್ಚಿಗೆ ಗಾಯ ಆಗಿದೆಯೇನೋ?" ಅಂದರು.

ಬಲ್ಬ್ ಕೊಳ್ಳುವಾಗ ನಾವೆಲ್ಲ ಕೇಳುವುದು ಎಷ್ಟು ವ್ಯಾಟ್ ಅಂತ. ವ್ಯಾಟ್ ಹೇಳುವುದು ಎಷ್ಟು ಕರೆಂಟ್ ತಿನ್ನುತ್ತದೆ ಅಂತ, ಅಷ್ಟೇ. ಎಷ್ಟು ಬೆಳಕು ಬರುತ್ತದೆ ಅನ್ನುವುದು ಲೂಮೆನ್‌ನಲ್ಲಿರುತ್ತದೆ, ಡಬ್ಬದ ಮೇಲೆ ಬರೆದಿರುತ್ತಾರೆ. ಹಾಗಾಗಿ ಮೊದಲು ಟೇಪ್ ಹಿಡಿದು ಶೆಡ್ ಅಳೆಯಿರಿ. ನನ್ನದು 10 ಅಡಿಗೆ 12 ಅಡಿ, ಅಂದರೆ ಸುಮಾರು 11 ಚದರ ಮೀಟರ್. ಮರಗೆಲಸಕ್ಕೆ ಚದರ ಮೀಟರ್‌ಗೆ 500 ಲೂಮೆನ್ ಬೇಕು ಅಂತಿಟ್ಟುಕೊಂಡರೆ 5,500 ಆಯಿತು. ಆದರೆ ಹೆಂಚು ಕಪ್ಪು, ಗೋಡೆ ಮಾಸಿದೆ, ಬಲ್ಬಿನ ಮೇಲೆ ಧೂಳು ಕೂರುತ್ತದೆ, ಬೆಳಕಿನಲ್ಲಿ ಒಂದು ಪಾಲು ಹೀಗೇ ಹಾಳಾಗುತ್ತದೆ, ಅದಕ್ಕೆ ಅರ್ಧದಷ್ಟು ಜಾಸ್ತಿ ಸೇರಿಸಿ 8,000 ಅಂತ ಲೆಕ್ಕ ಹಾಕಿದೆ. 20 ವ್ಯಾಟಿನ ನಾಲ್ಕಡಿ ಎಲ್‌ಇಡಿ ಬ್ಯಾಟನ್, ಅಂದರೆ ಟ್ಯೂಬ್‌ಲೈಟಿನ ಹಾಗಿರುವ ಉದ್ದ ದೀಪ, ಒಂದು ಸುಮಾರು 2,000 ಲೂಮೆನ್ ಕೊಡುತ್ತದೆ. ನಾಲ್ಕು ಸಾಕು. ಗೋಡೆಗೆ ಸುಣ್ಣ ಹೊಡೆದರೆ ಇನ್ನೂ ಒಳ್ಳೆಯದು.

ಈಗ ಬಣ್ಣ. ಡಬ್ಬದ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ. 2700ರಿಂದ 3000 ಅಂದರೆ ಹಳದಿ, ಊಟದ ಮನೆಗೆ ಚೆನ್ನ. 6500 ಅಂದರೆ ನೀಲಿ ಬೆರೆತ ಬಿಳಿ, ಅಂಗಡಿಗಳಲ್ಲಿ ಕೇಳದೆಯೇ ಕೈಗಿಡುವುದು ಇದನ್ನೇ. ಜುಲೈನಲ್ಲಿ ಹೊರಗೆ ಮಂಜು ಮುಸುಕಿದಾಗ ಒಳಗೂ ಇದೇ ಉರಿಯುತ್ತಿದ್ದರೆ ಆಸ್ಪತ್ರೆ ವಾರ್ಡಿನಲ್ಲಿ ಕೂತ ಹಾಗಾಗುತ್ತದೆ. ನನ್ನ ಮಾತು ಕೇಳಿದರೆ 4000 ತನ್ನಿ. ನ್ಯೂಟ್ರಲ್ ವೈಟ್ ಅಥವಾ ನ್ಯಾಚುರಲ್ ವೈಟ್ ಅಂತ ಕೇಳಿ. ಸ್ಟಾಕ್ ಇಲ್ಲ ಅಂದರೆ ತರಿಸಿಕೊಡಿ ಅನ್ನಿ, ಸುಮ್ನೆ ಇದ್ದಿದ್ದು ಕಟ್ಟಿಸಿಕೊಂಡು ಬರಬೇಡಿ. ಒಂದೇ ಮೇಜಿನ ಮೇಲೆ ಒಂದು ಹಳದಿ, ಒಂದು ಬಿಳಿ ಹಾಕುವುದಂತೂ ಬೇಡವೇ ಬೇಡ. ಕೈ ಇಟ್ಟಲ್ಲೆಲ್ಲ ಎರಡು ಬಣ್ಣದ ಎರಡು ನೆರಳು ಬೀಳುತ್ತವೆ.

ನನ್ನ ಕುರ್ಚಿ ಕೆಟ್ಟಿದ್ದು ಮಾತ್ರ ಕೆಲ್ವಿನ್‌ನಿಂದಲ್ಲ. ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇದೆ, ಬಣ್ಣಗಳು ಆ ಬೆಳಕಿನಲ್ಲಿ ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವುದರ ಅಂಕ. 100 ಅಂದರೆ ಪೂರ್ತಿ ಅಂಕ. ಸಾಮಾನ್ಯ ಎಲ್‌ಇಡಿ 80ರ ಆಸುಪಾಸು. ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ಕಡಿಮೆ, ಅದಕ್ಕೇ ಕೆಂಪು ಬಣ್ಣ ಕಂದು ಕಂದಾಗಿ ಕಾಣುತ್ತದೆ. ಬೀಟೆ, ತೇಗ, ಹಲಸು ಯಾವುದಕ್ಕಾದರೂ ಪಾಲಿಶ್ ಮಾಡುವವರು ಮೇಜಿನ ಮೇಲಿನ ಒಂದು ದೀಪವನ್ನಾದರೂ 90ಕ್ಕಿಂತ ಜಾಸ್ತಿ ಸಿಆರ್‌ಐ ಇರುವುದನ್ನು ಹಾಕಿಸಿ. ದುಡ್ಡು ಸ್ವಲ್ಪ ಜಾಸ್ತಿ. ಇಷ್ಟಾದ ಮೇಲೂ ಕೊನೇ ಕೈ ಹಚ್ಚುವ ಮುಂಚೆ ಒಂದು ಚೂರು ಮರಕ್ಕೆ ಬಳಿದು ಅಂಗಳಕ್ಕೆ ತಂದು ನೋಡಿ.

ಎಲ್ಲಿ ಹಾಕಬೇಕು? ನಮ್ಮ ಕಡೆಯ ಹೆಂಚಿನ ಮಾಡು ಎತ್ತರ. ತೊಲೆಗೇ ಬ್ಯಾಟನ್ ಹೊಡೆದರೆ ಬೆಳಕು ಮೇಜಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ಸರಪಳಿ ಕಟ್ಟಿ ಏಳೆಂಟು ಅಡಿಗೆ ಇಳಿಸಿ. ದೀಪ ನಿಮ್ಮ ಬೆನ್ನ ಹಿಂದೆ ಇರಬಾರದು, ತಲೆಗಿಂತ ಸ್ವಲ್ಪ ಮುಂದೆ, ಮೇಜಿನ ಉದ್ದಕ್ಕೇ ಇರಲಿ. ಬಲಗೈಯವರಾದರೆ ಎಡಗಡೆ ಒಂದು ಬಗ್ಗಿಸುವ ಟೇಬಲ್ ಲ್ಯಾಂಪ್ ಬೇಕು, ಇಲ್ಲದಿದ್ದರೆ ಉಳಿ ಹಿಡಿದ ಕೈಯ ನೆರಳು ಗೆರೆ ಮೇಲೇ ಬೀಳುತ್ತದೆ.

ಆ ಲ್ಯಾಂಪಿನದು ಇನ್ನೊಂದು ಉಪಯೋಗ ಇದೆ. ಬೇಲೂರಿನ ಚೆನ್ನಕೇಶವ ಗುಡಿಯೊಳಗೆ ಹೋಗಿದ್ದೀರಲ್ವಾ? 1117ರ ಗುಡಿ, ಒಳಗೆ ಕತ್ತಲು. ಕಡೆದ ಕಂಬಕ್ಕೆ ನೇರವಾಗಿ ಬ್ಯಾಟರಿ ಬಿಟ್ಟರೆ ಬರೀ ಕಪ್ಪು ಹೊಳಪು. ಅದೇ ಪಕ್ಕದಿಂದ ಓರೆಯಾಗಿ ಬಿಟ್ಟರೆ ಒಂದೊಂದು ಬಳೆಯೂ ಎದ್ದು ಕಾಣುತ್ತದೆ. ಉಪ್ಪುಕಾಗದ ಹೊಡೆದ ಹಲಗೆಗೂ ಇದೇ ಉಪಾಯ. ಲ್ಯಾಂಪನ್ನು ಹಲಗೆಯ ಮಟ್ಟಕ್ಕೆ ಬಗ್ಗಿಸಿ, ಮೇಲಿನ ದೀಪ ಆರಿಸಿ. ಕೈಗೆ ಸಿಗದ ಗೀರೆಲ್ಲ ಕಣ್ಣಿಗೆ ಸಿಗುತ್ತದೆ.

ಲೇತ್ ಅಥವಾ ಗರಗಸದ ಮೆಷಿನ್ ಇದ್ದರೆ ಒಂದು ಎಚ್ಚರಿಕೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಕಳಪೆ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ, ಆದರೆ ತಿರುಗುತ್ತಿರುವ ಬ್ಲೇಡ್ ನಿಂತ ಹಾಗೆ ಕಂಡುಬಿಡಬಹುದು. ಅಂಗಡಿಯಲ್ಲೇ ಬಲ್ಬ್ ಹಾಕಿಸಿ, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿ ನೋಡಿ. ಪಟಪಟ ಅಂತ ಮಿಣುಕಿದರೆ ವಾಪಸ್ ಕೊಡಿ. ಹಾಗೇ ಡಬ್ಬದ ಮೇಲೆ ವೋಲ್ಟೇಜೂ ನೋಡಿಕೊಳ್ಳಿ, 100ರಿಂದ 300ರವರೆಗೆ ತಡೆಯುವುದು ಸಿಕ್ಕರೆ ನಮ್ಮ ಮಲೆನಾಡಿನ ಕರೆಂಟಿಗೆ ಅದೇ ಸರಿ.

ಇನ್ನು ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳ ಏಳುತ್ತವಲ್ಲ, ಬಿಳಿ ಬೆಳಕು ಕಂಡರೆ ಅವು ಬಿಡುವುದಿಲ್ಲ, ಹಳದಿಗೆ ಅಷ್ಟು ಬರುವುದಿಲ್ಲ. ಆವತ್ತು ವಾರ್ನಿಶ್ ಡಬ್ಬ ತೆರೆಯಲೇಬೇಡಿ. ನಾನು ತೆರೆದಿದ್ದೆ. ಬೆಳಿಗ್ಗೆ ಸ್ಟೂಲಿನ ಮೇಲೆ ನಲವತ್ತು ರೆಕ್ಕೆ ಎಣಿಸಿ, ಮತ್ತೆ ಉಪ್ಪುಕಾಗದ ಹಿಡಿದೆ.