ಸಂಬಳ ಇಲ್ದೆ ಪೊಲೀಸ್ ಡ್ಯೂಟಿ: ಏನಾದ್ರೂ ಆದ್ರೆ ಮನೆಯವ್ರಿಗೆ ದುಡ್ಡು ಬರೋದು ಹೇಗೆ?

ಅಮೆರಿಕದಲ್ಲಿ ಶನಿವಾರ ಭಾನುವಾರ ಯೂನಿಫಾರ್ಮ್ ಹಾಕ್ಕೊಂಡು ಬಿಟ್ಟಿ ಪೊಲೀಸ್ ಡ್ಯೂಟಿ ಮಾಡೋರಿದ್ದಾರೆ, ರಿಸರ್ವ್ ಅಂತಾರೆ, ಆಕ್ಸಿಲರಿ ಅಂತಾರೆ, ನಮ್ಮ ಹೋಮ್ ಗಾರ್ಡ್ ಥರ ಅಂದ್ಕೊಳ್ಳಿ (ಹೋಮ್ ಗಾರ್ಡಿಗೆ ದಿನಭತ್ಯೆನಾದ್ರೂ ಇದೆ). ನಿಮ್ಮನೆ ಹುಡುಗ ಅಲ್ಲಿ ಇದಕ್ಕೆ ಸೇರಿದ್ರೆ ಪಿಎಸ್‌ಒಬಿ (ಪಬ್ಲಿಕ್ ಸೇಫ್ಟಿ ಆಫೀಸರ್ಸ್ ಬೆನಿಫಿಟ್ಸ್, ಡ್ಯೂಟೀಲಿ ಸತ್ರೆ ಇಲ್ಲಾ ಪೂರ್ತಿ ಅಂಗವಿಕಲರಾದ್ರೆ ಅಲ್ಲಿನ ಕೇಂದ್ರ ಸರ್ಕಾರ ಕೊಡೋ ದುಡ್ಡು) ಅನ್ನೋ ಹೆಸರು ನೆನಪಿಟ್ಕೊಳ್ಳಿ. 1976ರ ಫೆಡರಲ್ ಕಾನೂನು, ಸಂಬಳ ತಗೊಂಡ್ರೂ ತಗೊಳ್ದಿದ್ರೂ ಲೆಕ್ಕ ಒಂದೇ ಅಂತ ಅದ್ರಲ್ಲೇ ಬರ್ದಿದೆ.

ಮೊದಲು ಅರೆಸ್ಟ್ ಮಾಡೋ ಅಧಿಕಾರ ಇದ್ಯಾ ಅಂತ ಡಿಪಾರ್ಟ್‌ಮೆಂಟಿಂದ ಬರವಣಿಗೇಲಿ ತಗೊಳ್ಳಿ. ತಕರಾರು ಬರೋದೇ ಇಲ್ಲಿ. 2007ರ ಮಾರ್ಚಲ್ಲಿ ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜಲ್ಲಿ ಇಬ್ರು ಆಕ್ಸಿಲರಿಗಳು ಗುಂಡೇಟಿಗೆ ಸತ್ರು, ಕೈಲಿ ಗನ್ನೂ ಇರ್ಲಿಲ್ಲ, ಆದ್ರೂ ಇವ್ರಿಗೆ ಅರೆಸ್ಟ್ ಪವರ್ ಇಲ್ಲ ಅಂತ ಫೆಡರಲ್ ಸರ್ಕಾರದೋರು ಮೊದಲು ದುಡ್ಡು ಕೊಡಕ್ಕಾಗಲ್ಲ ಅಂದ್ರು, ಗಲಾಟೆ ಆದ್ಮೇಲೇ ಒಪ್ಕೊಂಡಿದ್ದು.

ಆಮೇಲೆ ನಾಮಿನಿ. ಹೆಂಡ್ತಿ ಮಕ್ಕಳಿದ್ರೆ ಅರ್ಧ ಅರ್ಧ. ಮದುವೆ ಆಗಿಲ್ಲ, ಮಕ್ಕಳೂ ಇಲ್ಲ ಅಂದ್ರೆ ಡಿಪಾರ್ಟ್‌ಮೆಂಟ್ ಫೈಲಲ್ಲಿರೋ ನಾಮಿನಿಗೆ, ಅದಿಲ್ದಿದ್ರೆ ಲೈಫ್ ಇನ್ಶೂರೆನ್ಸಲ್ಲಿ ಹೆಸರಿರೋರಿಗೆ, ಅಪ್ಪ ಅಮ್ಮ ಬರೋದು ಅದಾದ್ಮೇಲೆ. ಯಾವತ್ತೋ ರೂಮ್‌ಮೇಟ್ ಹೆಸರು ಬರ್ದಿದ್ರೆ ಹಾಸನದಲ್ಲಿರೋ ಅಮ್ಮಂಗೆ ಸೊನ್ನೆ, ಇವತ್ತೇ ಫೋನ್ ಮಾಡಿ ಕೇಳಿ.

ದುರಂತ ನಡೆದ್ರೆ ಅರ್ಜಿಗೆ 3 ವರ್ಷ ಟೈಮಿದೆ. ಮನೆಯವ್ರು ಒಂದು ಅರ್ಜಿ ಹಾಕ್ತಾರೆ, ಡಿಪಾರ್ಟ್‌ಮೆಂಟ್ ಇನ್ನೊಂದು ರಿಪೋರ್ಟ್ ಕಳಿಸ್ಬೇಕು. ಡೆತ್ ಸರ್ಟಿಫಿಕೇಟ್, ಪೋಸ್ಟ್‌ಮಾರ್ಟಂ ವರದಿ, ಮದುವೆ ಸರ್ಟಿಫಿಕೇಟ್ ಎಲ್ಲಾ ರೆಡಿ ಇಟ್ಕೊಳ್ಳಿ. ಗುಂಡೇಟೇ ಆಗ್ಬೇಕು ಅಂತಿಲ್ಲ, ಮೈ ದಣಿಯೋ ಡ್ಯೂಟಿ ಮಾಡಿ 24 ಗಂಟೆಯೊಳಗೆ ಹಾರ್ಟ್ ಅಟ್ಯಾಕ್ ಶುರುವಾದ್ರೂ 2003ರಿಂದ ಲೆಕ್ಕಕ್ಕೆ ಬರತ್ತೆ. ಕುಡಿದಿದ್ರೆ ಮಾತ್ರ ಕಷ್ಟ.

ದುಡ್ಡು ಒಂದೇ ಸಲ ಬರತ್ತೆ, ಸಾಮಾನ್ಯವಾಗಿ ಸತ್ತ ದಿನದ ರೇಟು, ಅರ್ಜಿ ಹಾಕಿದ ದಿನದ್ದಲ್ಲ. 2024ರ ಅಕ್ಟೋಬರಿಂದ ಒಂದು ವರ್ಷಕ್ಕೆ 4,48,575 ಡಾಲರ್ ಇತ್ತು, ಪ್ರತಿ ಅಕ್ಟೋಬರ್ 1ಕ್ಕೆ ಬದಲಾಗತ್ತೆ. ಮಕ್ಕಳ ಕಾಲೇಜಿಗೆ ಬೇರೆ ನೆರವಿದೆ.

ಅಂಗವೈಕಲ್ಯದ್ದು ಮಾತ್ರ ನಿಜಕ್ಕೂ ಬಿಗಿ. ಪೊಲೀಸ್ ಕೆಲಸ ಆಗಲ್ಲ ಅಂದ್ರೆ ಸಾಲದು, ಸಂಬಳ ಬರೋ ಯಾವ ಕೆಲಸನೂ ಇನ್ನು ಆಗಲ್ಲ ಅಂತ ಡಾಕ್ಟರ ದಾಖಲೆ ತೋರಿಸ್ಬೇಕು.

ಅರ್ಜಿ ತಿರಸ್ಕಾರ ಆದ್ರೆ ಹಿಯರಿಂಗ್ ಕೇಳೋಕೆ 33 ದಿನ ಅಷ್ಟೇ, ಆ ಲೆಟರನ್ನ ಫ್ರಿಜ್ ಮೇಲೆ ಇಟ್ಟು ಮರೀಬೇಡಿ.