ಗಿಡದಲ್ಲಿ ಕರಡಿ ಮಾಡುವುದು ಹೇಗೆ?

ಬಳ್ಳಾರಿಯ ನಮ್ಮ ಬಡಾವಣೆ ಪಾರ್ಕಿನಲ್ಲಿ ಗಿಡದಿಂದ ಬೆಳೆಸಿದ ಹಸಿರು ಆನೆಯೊಂದಿತ್ತು. ಏಪ್ರಿಲ್‌ನಲ್ಲಿ ಯಾರೋ ಅದನ್ನು ಒಂದೇ ದಿನ ಬೋಳು ಹೊಡೆದರು. ಮೇ ಹೊತ್ತಿಗೆ ಎಲೆ ಸುಟ್ಟು, ಬರೀ ತಂತಿಯ ಆನೆ ನಿಂತಿತ್ತು.

ನೀವೂ ಇಂಥದ್ದು ಬೆಳೆಸುವುದಾದರೆ ಮೊದಲ ಸಲಕ್ಕೆ ಆನೆ ಬೇಡ. ಸೊಂಡಿಲು ತುಂಬುವಷ್ಟರಲ್ಲಿ ನಿಮ್ಮ ತಾಳ್ಮೆ ಮುಗಿದಿರುತ್ತದೆ. ಕರಡಿ ಮಾಡಿ. ದೊಡ್ಡದೊಂದು ಉಂಡೆ, ಮೇಲೊಂದು ಸಣ್ಣ ಉಂಡೆ, ಎರಡು ಕಿವಿ. ದರೋಜಿ ಕರಡಿಧಾಮದ ಸೀಮೆಗೆ ಅದೇ ಒಪ್ಪುತ್ತದೆ ಅಲ್ವಾ?

ಗಿಡಕ್ಕೆ ಬೇಲಿಯ ಕ್ಲೆರೋಡೆಂಡ್ರಮ್ ಸಾಕು. ನರ್ಸರಿಯಲ್ಲಿ 'ಇನರ್ಮಿ' ಎಂದು ಕೇಳಿ. ಬಿಸಿಲು ತಡೆಯುತ್ತದೆ, ಆಡು ಬಾಯಿ ಹಾಕುವುದಿಲ್ಲ. ಹಳದಿ ಡ್ಯುರಾಂಟಾ ಚೆಂದವೇ, ಆದರೆ ಅದರ ಹಣ್ಣು ವಿಷ. ಮಕ್ಕಳಾಡುವ ಜಾಗಕ್ಕೆ ಬೇಡವೇ ಬೇಡ.

ಮಳೆ ಹಿಡಿದ ಮೇಲೆ ನಾಲ್ಕೈದು ಗಿಡ ನೆಡಿ. ಎರೆ ಮಣ್ಣಾದರೆ ನೀರು ನಿಲ್ಲದಂತೆ ತುಸು ಏರು ಮಾಡಿಕೊಳ್ಳಿ. ಸುತ್ತ ಕರಡಿಯ ಆಕಾರದ ಕಬ್ಬಿಣದ ಸರಳಿನ ಚೌಕಟ್ಟು, ಮೇಲೆ ಕೋಳಿ ಜಾಲರಿ. ಸರಳಿಗೆ ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಣ್ಣ ಹಚ್ಚಿಸಿ. ವೆಲ್ಡಿಂಗ್ ಅಂಗಡಿಯವರು ಅದನ್ನು ಹಚ್ಚದೆ ಸುಮ್ನೆ ಕಳಿಸುತ್ತಾರೆ.

ಇನ್ನು ಎಲ್ಲರೂ ಎಡವುವ ಕೆಲಸ. ಗಿಡ ಮೊಣಕಾಲೆತ್ತರ ಬಂದಾಗ ಕುಡಿ ಚಿವುಟಿ. ಒಂದು ಕುಡಿ ಹೋದಲ್ಲಿ ಕೆಳಗಿನ ಗೆಣ್ಣಿನಿಂದ ಎರಡು ಒಡೆಯುತ್ತವೆ. ಕರಡಿಯ ಹೊಟ್ಟೆ ತುಂಬುವುದೇ ಇವುಗಳಿಂದ. ಆದರೆ ಗಟ್ಟಿಯಾದ ನಾಲ್ಕು ಕೊಂಬೆಗಳ ಕುಡಿ ಮುಟ್ಟಬೇಡಿ. ಬಣ್ಣದ ಬಟ್ಟೆ ಚೂರು ಕಟ್ಟಿ ಗುರುತು ಮಾಡಿ. ಅವು ಕುತ್ತಿಗೆಯೊಳಗಿಂದ ತಲೆಗೆ ಹೋಗಬೇಕಾದವು. ಗುರುತಿಲ್ಲದಿದ್ದರೆ ಮಾಲಿ ಅವನ್ನೂ ಚಿವುಟುತ್ತಾನೆ, ಆಮೇಲೆ ತಲೆಯಿಲ್ಲದ ಕರಡಿ! ಹಳೇ ಸೀರೆಯ ಪಟ್ಟಿಯಲ್ಲಿ ಕೊಂಬೆಗೊಂದು ಸುತ್ತು, ಸರಳಿಗೊಂದು ಸುತ್ತು ಹಾಕಿ ಸಡಿಲವಾಗಿ ಕಟ್ಟಿ. ಬೈಂಡಿಂಗ್ ವೈರ್ ಬೇಡ. ಕೊಂಬೆ ದಪ್ಪಗಾದಂತೆ ಅದು ತೊಗಟೆ ಕೊಯ್ಯುತ್ತದೆ.

ಜಾಲರಿ ದಾಟಿ ಬಂದ ಚಿಗುರನ್ನಷ್ಟೇ ಕತ್ತರಿಸಿ. ಎಲೆಯಿಲ್ಲದ ಕಂದು ಕಡ್ಡಿ ಕಂಡರೆ ಜಾಸ್ತಿ ಒಳಗೆ ಹೋಗಿದ್ದೀರಿ ಎಂದೇ ಲೆಕ್ಕ. ಬುಡದ ಎಲೆಗೂ ಬಿಸಿಲು ಬೀಳುವಂತೆ ಕೆಳಗೆ ತುಸು ಅಗಲ ಬಿಡಿ. ಕತ್ತರಿ ಚೂಪಾಗಿರಲಿ, ಮೊಂಡು ಬ್ಲೇಡಿನ ಮೆಷಿನ್ ಎಲೆಯನ್ನು ಹರಿದು ಹಾಕುತ್ತದೆ. ಮಾರ್ಚ್‌ನಿಂದ ಮೇವರೆಗೆ ಕತ್ತರಿ ಒಳಗಿಡಿ, ನೀರು ಮಾತ್ರ ತಪ್ಪಿಸಬೇಡಿ. ಕರಡಿಗೆ ಕೂದಲು ಕೆದರಿದ್ದರೆ ಯಾರೂ ಏನೂ ಅನ್ನುವುದಿಲ್ಲ.

ಕಿವಿ ತುಂಬಲು ಎರಡನೇ ಮಳೆಗಾಲ ಬರಬೇಕು. ಅಲ್ಲಿಯವರೆಗೆ ಪ್ಲಾಸ್ಟಿಕ್ ಕಣ್ಣು ಅಂಟಿಸಲು ಹೋಗಬೇಡಿ, ದಯವಿಟ್ಟು.